ಮೊಬೈಲ್ ಹಾಟ್‌ಸ್ಪಾಟ್

ಮೊಬೈಲ್ ಹಾಟ್‌ಸ್ಪಾಟ್ ಎಂಬುದು ಒಂದು ಮೊಬೈಲ್ ಫೋನಿಗೆ ದೊರೆಯುತ್ತಿರುವ ಅಂತರಜಾಲ ಸಂಪರ್ಕವನ್ನು ವೈ-ಫೈ ಮೂಲಕ ಸಮೀಪದ ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಅಥವಾ ಮತ್ತೊಂದು ಫೋನಿಗೆ ಹಂಚುವ ವ್ಯವಸ್ಥೆಯಾಗಿದೆ. ಇದೇ ಹಂಚಿಕೆಯನ್ನು ಯುಎಸ್‌ಬಿ ತಂತಿಯ ಮೂಲಕವಾಗಲೀ ಬ್ಲೂಟೂತ್ ಮೂಲಕವಾಗಲೀ ಮಾಡಬಹುದು. ಈ ಮೂರೂ ವಿಧಾನಗಳಿಗೆ ಒಟ್ಟಾಗಿ ಟೆಥರಿಂಗ್ ಎಂಬ ಹೆಸರಿದೆ. ಸಿಮ್ ಕಾರ್ಡ್ ಹಾಕಲು ಅವಕಾಶವಿಲ್ಲದ, ವೈ-ಫೈ ಮಾತ್ರ ಇರುವ ಟ್ಯಾಬ್ಲೆಟ್‌ಗಳಿಗೆ ಮನೆಯಲ್ಲಿ ತಂತಿಯ ಅಂತರಜಾಲ ಇಲ್ಲದಿದ್ದಲ್ಲಿ ಉಳಿಯುವ ದಾರಿ ಬಹುಮಟ್ಟಿಗೆ ಇದೊಂದೇ. ಕರ್ನಾಟಕದ ಗ್ರಾಮೀಣ ಭಾಗಗಳಲ್ಲಿ, ವಿಶೇಷವಾಗಿ 2020ರ ನಂತರದ ಆನ್‌ಲೈನ್ ತರಗತಿಗಳ ಕಾಲದಲ್ಲಿ, ಇದರ ಬಳಕೆ ಮನೆಮಾತಾಯಿತು.

ಹೆಸರು

ಹಾಟ್‌ಸ್ಪಾಟ್ ಎಂಬ ಪದಕ್ಕೆ ಕನ್ನಡದಲ್ಲಿ ಸರ್ವಸಮ್ಮತವಾದ ಪರ್ಯಾಯವಿಲ್ಲ. ಮೂಲತಃ ಈ ಪದವು ನಿಲ್ದಾಣ, ಹೋಟೆಲು, ಗ್ರಂಥಾಲಯಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ವೈ-ಫೈ ದೊರೆಯುವ ಜಾಗವನ್ನು ಸೂಚಿಸುತ್ತಿತ್ತು. ಫೋನೇ ಆ ಕೆಲಸ ಮಾಡತೊಡಗಿದ ಮೇಲೆ ಹೆಸರು ಫೋನಿಗೂ ಅಂಟಿಕೊಂಡಿತು. ಇದೇ ಪದವನ್ನು ಪಶ್ಚಿಮ ಘಟ್ಟಗಳ ಜೀವವೈವಿಧ್ಯದ ಸಂದರ್ಭದಲ್ಲಿಯೂ ಬಳಸುತ್ತಾರೆ. 2020ರ ಪತ್ರಿಕೆಗಳಲ್ಲಿ ಅದು ಕೊರೊನಾ ಸೋಂಕು ಹೆಚ್ಚಿದ ಪ್ರದೇಶವೆಂಬ ಅರ್ಥದಲ್ಲಿ ಬರುತ್ತಿತ್ತು. ಆ ವರ್ಷ ಒಂದೇ ಮನೆಯಲ್ಲಿ ಈ ಪದವನ್ನು ಎರಡು ಅರ್ಥಗಳಲ್ಲಿ ಕೇಳಬಹುದಿತ್ತು. ಆಡುಮಾತಿನಲ್ಲಿ 'ಹಾಟ್‌ಸ್ಪಾಟ್ ಆನ್ ಮಾಡು', 'ಸ್ವಲ್ಪ ನೆಟ್ ಕೊಡು' ಎಂಬ ಪ್ರಯೋಗಗಳು ಸಾಮಾನ್ಯ.

ಇತಿಹಾಸ

ಫೋನಿನ ಮೂಲಕ ಗಣಕಯಂತ್ರಕ್ಕೆ ಅಂತರಜಾಲ ಪಡೆಯುವ ರೂಢಿ ವೈ-ಫೈ ಫೋನುಗಳಿಗಿಂತ ಹಳೆಯದು. ಜಿಪಿಆರ್‌ಎಸ್ ಕಾಲದಲ್ಲಿ ಫೋನನ್ನು ತಂತಿ, ಇನ್‌ಫ್ರಾರೆಡ್ ಅಥವಾ ಬ್ಲೂಟೂತ್ ಮೂಲಕ ಗಣಕಯಂತ್ರಕ್ಕೆ ಜೋಡಿಸಿ, ಅದನ್ನೇ ಮೋಡೆಮ್ ಆಗಿ ಬಳಸಿ *99# ಎಂಬ ಸಂಖ್ಯೆಗೆ ಡಯಲ್ ಮಾಡಬೇಕಾಗಿತ್ತು. ಒಂದು ಛಾಯಾಚಿತ್ರ ತೆರೆದುಕೊಳ್ಳಲು ನಿಮಿಷಗಳೇ ಹಿಡಿಯುತ್ತಿದ್ದ ದಿನಗಳವು. ಅನಂತರ ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಮೊದಲಾದ ಯುಎಸ್‌ಬಿ ಡೇಟಾ ಕಾರ್ಡುಗಳು ಬಂದವು. ಇವು ಒಂದು ಬಾರಿಗೆ ಒಂದೇ ಯಂತ್ರಕ್ಕೆ ಉಪಯೋಗವಾಗುತ್ತಿದ್ದವು.

ವೈ-ಫೈ ತಂತ್ರಜ್ಞಾನಕ್ಕೆ ಆಧಾರವಾದ ಐಇಇಇ 802.11 ಮಾನದಂಡ 1997ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗಾಗಿ 2005ರಲ್ಲಿ ಪರವಾನಗಿಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗಗಳು 2018ರಲ್ಲಿ ಮುಕ್ತವಾದವು. ಫೋನಿನ ವೈ-ಫೈ ಮೂಲಕ ಸಂಪರ್ಕ ಹಂಚುವ ಸೌಲಭ್ಯ ಆ್ಯಂಡ್ರಾಯ್ಡ್‌ನಲ್ಲಿ 2010ರ ಮೇ ತಿಂಗಳಿನ 2.2 ಆವೃತ್ತಿಯೊಂದಿಗೆ ಬಂದಿತು. ಆ್ಯಪಲ್ ಸಂಸ್ಥೆ 2009ರಲ್ಲಿಯೇ ತಂತಿ ಹಾಗೂ ಬ್ಲೂಟೂತ್ ಹಂಚಿಕೆಯನ್ನು ನೀಡಿತ್ತಾದರೂ ವೈ-ಫೈ ಮೂಲಕ ಹಂಚುವ 'ಪರ್ಸನಲ್ ಹಾಟ್‌ಸ್ಪಾಟ್' ಎಲ್ಲ ಕಡೆ ದೊರೆತದ್ದು 2011ರ ಮಾರ್ಚ್‌ನಲ್ಲಿ, ಐಒಎಸ್ 4.3 ಆವೃತ್ತಿಯೊಂದಿಗೆ. ಈ ನಡುವೆ 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಿತ್ತು. ಅದರ ಮೊದಲ ಮಾದರಿ ವೈ-ಫೈ ಮಾತ್ರದ್ದು.

ಭಾರತದಲ್ಲಿ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದೆ ಮೊದಲು ತಂದಿಟ್ಟದ್ದು ಆಕಾಶ್ ಟ್ಯಾಬ್ಲೆಟ್ ಎನ್ನಬಹುದು. 2011ರ ಅಕ್ಟೋಬರ್ 5ರಂದು ಅಂದಿನ ಕೇಂದ್ರ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ನವದೆಹಲಿಯಲ್ಲಿ ಬಿಡುಗಡೆ ಮಾಡಿದ, ಡೇಟಾವಿಂಡ್ ಸಂಸ್ಥೆಯ ಈ 7 ಅಂಗುಲದ ಸಾಧನದಲ್ಲಿ ವೈ-ಫೈ ಇತ್ತು, ಸಿಮ್ ಇರಲಿಲ್ಲ. ಆಗ ಹೆಚ್ಚಿನ ಹಳ್ಳಿಗಳಲ್ಲಿ ವೈ-ಫೈ ಇರಲಿಲ್ಲ. ಹಾಟ್‌ಸ್ಪಾಟ್ ಕೊಡಬಲ್ಲ ಫೋನುಗಳೂ ವಿರಳವಾಗಿದ್ದವು. ಅಗ್ಗದ ಟ್ಯಾಬ್ಲೆಟ್ ಕೊಟ್ಟ ಮಾತ್ರಕ್ಕೆ ಅಂತರಜಾಲ ಕೊಟ್ಟಂತಾಗಲಿಲ್ಲ. ಪರಿಸ್ಥಿತಿ ಬದಲಾದದ್ದು 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ 4ಜಿ ಸೇವೆ ಆರಂಭಿಸಿ, ದತ್ತಾಂಶದ ಬೆಲೆ ದೇಶದಾದ್ಯಂತ ಕುಸಿದ ಮೇಲೆ. ದಿನಕ್ಕೆ ಇಷ್ಟು ಗಿಗಾಬೈಟ್ ಎಂಬ ಯೋಜನೆಗಳು ರೂಢಿಗೆ ಬಂದದ್ದೂ ಆ ನಂತರವೇ. ಹಂಚಿಕೊಳ್ಳಲು ಮಿಗುವಷ್ಟು ದತ್ತಾಂಶ ಸಾಮಾನ್ಯ ಕುಟುಂಬದ ಕೈಗೆ ಸಿಕ್ಕಿತು. 5ಜಿ ಸೇವೆ 2022ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡಿತು.

ಕಾರ್ಯವಿಧಾನ

ಹಾಟ್‌ಸ್ಪಾಟ್ ಚಾಲನೆಗೊಂಡಾಗ ಫೋನು ಏಕಕಾಲಕ್ಕೆ ಎರಡು ಕಡೆ ಮಾತನಾಡುತ್ತದೆ. ಒಂದು ಬದಿಯಲ್ಲಿ ಅದು ಮೊಬೈಲ್ ಗೋಪುರದೊಡನೆ 4ಜಿ ಅಥವಾ 5ಜಿ ಸಂಪರ್ಕದಲ್ಲಿರುತ್ತದೆ. ಇನ್ನೊಂದು ಬದಿಯಲ್ಲಿ ಸಣ್ಣ ವೈ-ಫೈ ರೂಟರಿನಂತೆ ವರ್ತಿಸುತ್ತದೆ. ತನ್ನನ್ನು ಸೇರಿದ ಪ್ರತಿಯೊಂದು ಸಾಧನಕ್ಕೂ ಡಿಎಚ್‌ಸಿಪಿ ಎಂಬ ಕ್ರಮದ ಮೂಲಕ ಖಾಸಗಿ ಐಪಿ ವಿಳಾಸ ಹಂಚುತ್ತದೆ. ಐಫೋನಿನಲ್ಲಿ ಈ ಒಳಜಾಲದ ದ್ವಾರದ ವಿಳಾಸ 172.20.10.1 ಆಗಿದ್ದರೆ, ಹಳೆಯ ಆ್ಯಂಡ್ರಾಯ್ಡ್ ಆವೃತ್ತಿಗಳಲ್ಲಿ 192.168.43.1 ಎಂದು ಇರುತ್ತಿತ್ತು. ಟ್ಯಾಬ್ಲೆಟ್ ಕಳುಹಿಸಿದ ಕೋರಿಕೆಯ ಮೇಲಿನ ಖಾಸಗಿ ವಿಳಾಸವನ್ನು ಫೋನು ತೆಗೆದು, ತನ್ನ ವಿಳಾಸವನ್ನು ಹಚ್ಚಿ ಹೊರಗೆ ಕಳುಹಿಸುತ್ತದೆ. ಉತ್ತರ ಬಂದಾಗ ಯಾರು ಕೇಳಿದ್ದರೆಂದು ನೆನಪಿಟ್ಟುಕೊಂಡು ಅವರಿಗೇ ತಲುಪಿಸುತ್ತದೆ. ಮನೆಯ ಯಜಮಾನರ ಹೆಸರಿಗೆ ಬಂದ ಅಂಚೆಯನ್ನು ಒಳಗೆ ಯಾರದು ಯಾರಿಗೆಂದು ವಿಂಗಡಿಸಿ ಕೊಟ್ಟಂತೆ. ಈ ಕ್ರಮಕ್ಕೆ ವಿಳಾಸಾಂತರ ಅಥವಾ ನ್ಯಾಟ್ ಎನ್ನುತ್ತಾರೆ. ಆದ್ದರಿಂದ ದೂರಸಂಪರ್ಕ ಕಂಪನಿಯ ದಾಖಲೆಯಲ್ಲಿ ಟ್ಯಾಬ್ಲೆಟ್ ಪ್ರತ್ಯೇಕ ಗ್ರಾಹಕನಾಗಿ ಕಾಣುವುದಿಲ್ಲ. ಎಲ್ಲ ಬಳಕೆಯೂ ಫೋನಿನ ಸಿಮ್‌ನ ಲೆಕ್ಕಕ್ಕೇ ಸೇರುತ್ತದೆ.

ಫೋನುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಹಾಟ್‌ಸ್ಪಾಟ್ ನೀಡಬಲ್ಲವು. ಮೊದಲನೆಯದು ನಿಧಾನವಾದರೂ ಗೋಡೆ ದಾಟಿ ದೂರ ಹೋಗುತ್ತದೆ. ಎರಡನೆಯದು ವೇಗವುಳ್ಳದ್ದು, ಆದರೆ ಗೋಡೆಗಳಿಗೆ ಸೋಲುತ್ತದೆ. ಹಳೆಯ ಹಾಗೂ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಹಲವಕ್ಕೆ 5 ಗಿಗಾಹರ್ಟ್ಸ್ ಗ್ರಾಹಕವೇ ಇರುವುದಿಲ್ಲ. ಅಂಥವುಗಳ ಪಟ್ಟಿಯಲ್ಲಿ ಪಕ್ಕದಲ್ಲೇ ಇರುವ ಫೋನಿನ ಹೆಸರು ಕಾಣಿಸದೆ ಬಳಕೆದಾರರು ತಬ್ಬಿಬ್ಬಾಗುವುದುಂಟು.

ಜೋಡಣೆಯ ಕ್ರಮ

ಆ್ಯಂಡ್ರಾಯ್ಡ್ ಫೋನಿನಲ್ಲಿ ಮೊದಲು ಮೊಬೈಲ್ ಡೇಟಾ ಚಾಲನೆಯಲ್ಲಿರಬೇಕು. ಬಳಿಕ ಸೆಟ್ಟಿಂಗ್‌ಗಳು, ನೆಟ್‌ವರ್ಕ್ ಮತ್ತು ಇಂಟರ್ನೆಟ್, ಹಾಟ್‌ಸ್ಪಾಟ್ ಮತ್ತು ಟೆಥರಿಂಗ್ ಎಂಬ ದಾರಿಯಲ್ಲಿ ಹೋಗಿ ವೈ-ಫೈ ಹಾಟ್‌ಸ್ಪಾಟ್ ಆರಿಸಿಕೊಳ್ಳಬೇಕು. ಕೆಲವು ತಯಾರಕರ ಫೋನುಗಳಲ್ಲಿ ಇದು 'ಸಂಪರ್ಕಗಳು' ಎಂಬ ವಿಭಾಗದಲ್ಲಿರುತ್ತದೆ. ಅಲ್ಲಿ ಜಾಲದ ಹೆಸರು ಹಾಗೂ ಗುಪ್ತಪದವನ್ನು ನಿಗದಿಪಡಿಸಿ ಚಾಲನೆ ನೀಡಿದ ಮೇಲೆ, ಟ್ಯಾಬ್ಲೆಟ್‌ನ ವೈ-ಫೈ ಪಟ್ಟಿಯಲ್ಲಿ ಆ ಹೆಸರನ್ನು ಮುಟ್ಟಿ ಗುಪ್ತಪದ ಬರೆದರೆ ಜೋಡಣೆ ಮುಗಿಯಿತು. ಆ್ಯಂಡ್ರಾಯ್ಡ್ 10ರಿಂದ ಈಚಿನ ಫೋನುಗಳು ಇದೇ ವಿವರಗಳನ್ನು ಕ್ಯೂಆರ್ ಸಂಕೇತವಾಗಿ ತೋರಿಸಬಲ್ಲವಾದ್ದರಿಂದ ಗುಪ್ತಪದವನ್ನು ಕೈಯಿಂದ ಬರೆಯುವ ಅಗತ್ಯ ತಪ್ಪುತ್ತದೆ. ಐಫೋನಿನಲ್ಲಿ 'ಪರ್ಸನಲ್ ಹಾಟ್‌ಸ್ಪಾಟ್' ಪುಟವನ್ನು ತೆರೆದಿಟ್ಟುಕೊಂಡೇ ಮೊದಲ ಜೋಡಣೆ ಮಾಡುವುದು ಲೇಸು. 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆ ಕೊಟ್ಟರೆ ಅದು 2.4 ಗಿಗಾಹರ್ಟ್ಸ್‌ಗೆ ಇಳಿದು ಹಳೆಯ ಟ್ಯಾಬ್ಲೆಟ್‌ಗೂ ಗೋಚರವಾಗುತ್ತದೆ.

ಜಾಲದ ಹೆಸರನ್ನು ಕನ್ನಡದಲ್ಲಿಯೂ ಇಡಬಹುದು, ಆದರೆ ಅದಕ್ಕೊಂದು ಮಿತಿಯಿದೆ. ಮಾನದಂಡದ ಪ್ರಕಾರ ಹೆಸರು 32 ಬೈಟ್ ಮೀರುವಂತಿಲ್ಲ. ಯುಟಿಎಫ್-8 ಸಂಕೇತಕ್ರಮದಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಹಾಗೂ ಅರ್ಧಾಕ್ಷರದ ಚಿಹ್ನೆಗೆ 3 ಬೈಟ್ ಬೇಕು. 'ಹಂಸಭಾವಿ' ಎಂಬ ಹೆಸರು 7 ಸಂಕೇತಗಳಾಗಿ 21 ಬೈಟ್‌ಗಳಲ್ಲಿ ಸಲೀಸಾಗಿ ಕೂರುತ್ತದೆ. 'ಹಿರೇಕೆರೂರು' 30 ಬೈಟ್‌ಗಳಲ್ಲಿ ಕಷ್ಟಪಟ್ಟು ಹಿಡಿಸುತ್ತದೆ. 'ರಾಣೇಬೆನ್ನೂರು' 36 ಬೈಟ್ ಆಗುವುದರಿಂದ ಹಿಡಿಸುವುದಿಲ್ಲ. ಗುಪ್ತಪದದ ನಿಯಮ ಇನ್ನೂ ಬಿಗಿಯಾದದ್ದು: ಡಬ್ಲ್ಯೂಪಿಎ2 ಭದ್ರತೆಯಲ್ಲಿ ಅದು 8ರಿಂದ 63 ಅಕ್ಷರಗಳಷ್ಟಿದ್ದು, ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಅಂಕಿ ಹಾಗೂ ಚಿಹ್ನೆಗಳಲ್ಲಿಯೇ ಇರಬೇಕು. ಸಣ್ಣ ಮತ್ತು ದೊಡ್ಡ ಅಕ್ಷರಗಳ ಭೇದವೂ ಲೆಕ್ಕಕ್ಕೆ ಬರುತ್ತದೆ. ಗುಪ್ತಪದ ಸರಿಯಿದ್ದೂ ಟ್ಯಾಬ್ಲೆಟ್ ಒಪ್ಪದಿರಲು ಅನೇಕ ಬಾರಿ ಕಾರಣ ಇಷ್ಟೇ: ಕೀಲಿಮಣೆ ತಾನಾಗಿ ಮೊದಲಕ್ಷರವನ್ನು ದೊಡ್ಡದು ಮಾಡಿರುತ್ತದೆ.

ವೈ-ಫೈ ತೊಡಕಾದಲ್ಲಿ ಉಳಿದ ಎರಡು ವಿಧಾನಗಳಿವೆ. ತಂತಿಯ ಟೆಥರಿಂಗ್ ಲ್ಯಾಪ್‌ಟಾಪ್‌ಗೆ ಬಹಳ ಅನುಕೂಲಕರ. ಫೋನು ಜೊತೆಜೊತೆಗೇ ಚಾರ್ಜ್ ಆಗುತ್ತದೆ. ಬ್ಲೂಟೂತ್ ಟೆಥರಿಂಗ್ ತೀರ ನಿಧಾನ, ದೃಶ್ಯ ತರಗತಿಗಳಿಗೆ ಸಾಲದು, ಆದರೆ ಬ್ಯಾಟರಿ ಮಿತವಾಗಿ ಖರ್ಚಾಗುವುದರಿಂದ ಅಂಚೆ ಓದಲು, ಅರ್ಜಿಯ ಸ್ಥಿತಿ ನೋಡಲು ಸಾಕಾಗುತ್ತದೆ.

ದತ್ತಾಂಶದ ಲೆಕ್ಕ

ಹಾಟ್‌ಸ್ಪಾಟ್ ಬಳಕೆಯ ನಿಜವಾದ ತೊಡಕು ಜೋಡಣೆಯಲ್ಲಿಲ್ಲ, ದತ್ತಾಂಶದ ಖರ್ಚಿನಲ್ಲಿದೆ. ಟ್ಯಾಬ್ಲೆಟ್‌ನ ದೃಷ್ಟಿಯಲ್ಲಿ ಹಾಟ್‌ಸ್ಪಾಟ್ ಕೂಡ ಒಂದು ವೈ-ಫೈ. ವೈ-ಫೈ ಎಂದರೆ ಮಿತಿಯಿಲ್ಲದ್ದು ಎಂದು ಭಾವಿಸಿ ಅದು ತಂತ್ರಾಂಶಗಳ ಪರಿಷ್ಕರಣೆ, ಛಾಯಾಚಿತ್ರಗಳ ದಾಸ್ತಾನು, ಇಡೀ ವ್ಯವಸ್ಥೆಯ ಹೊಸ ಆವೃತ್ತಿ ಇವೆಲ್ಲವನ್ನೂ ಹಿನ್ನೆಲೆಯಲ್ಲಿ ಇಳಿಸಿಕೊಳ್ಳತೊಡಗಬಹುದು. ವಾರಗಟ್ಟಲೆ ಜಾಲಕ್ಕೆ ಸೇರದೆ ಮುಚ್ಚಿಟ್ಟಿದ್ದ ಟ್ಯಾಬ್ಲೆಟ್ ಒಮ್ಮೆ ಜೋಡಣೆಯಾದೊಡನೆ ದಿನದ ಪಾಲನ್ನೆಲ್ಲ ಬೆಳಗಿನ ಹೊತ್ತೇ ನುಂಗಿಬಿಡುವುದಕ್ಕೆ ಇದೇ ಕಾರಣ. ಮಧ್ಯಾಹ್ನದ ಪಾಠಕ್ಕಾಗಲೀ, ಅದೇ ಫೋನಿನಿಂದ ಹಣ ಪಾವತಿಸಬೇಕಾದ ಹಿರಿಯರಿಗಾಗಲೀ ಆಗ ಉಳಿಯುವುದೇನೂ ಇರುವುದಿಲ್ಲ.

ಸೆಕೆಂಡಿಗೆ 1 ಮೆಗಾಬಿಟ್ ಬೇಡುವ ದೃಶ್ಯಪಾಠವನ್ನು ಒಂದು ಗಂಟೆ ನೋಡಿದರೆ 450 ಮೆಗಾಬೈಟ್ ಖರ್ಚಾಗುತ್ತದೆ. ದಿನಕ್ಕೆ 1.5 ಗಿಗಾಬೈಟ್ ನೀಡುವ ಯೋಜನೆಯಲ್ಲಿ ಇದು 3 ಗಂಟೆ 20 ನಿಮಿಷಕ್ಕೆ ಮುಗಿಯುತ್ತದೆ. ಮಿತಿ ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಲಾಗುತ್ತದೆ. ಆ ವೇಗದಲ್ಲಿ 1 ಮೆಗಾಬೈಟ್ ಗಾತ್ರದ ಕಡತ ಇಳಿಯಲು 2 ನಿಮಿಷಕ್ಕೂ ಹೆಚ್ಚು ಬೇಕು. ಪಾಠವನ್ನು ದೃಶ್ಯದ ಬದಲು ಧ್ವನಿಯಲ್ಲಿ ಕೇಳುವುದು, ದೃಶ್ಯದ ಗುಣಮಟ್ಟವನ್ನು 240 ಅಥವಾ 360ಕ್ಕೆ ಇಳಿಸುವುದು ಇಂಥ ಸಂದರ್ಭದಲ್ಲಿ ದೊಡ್ಡ ಉಳಿತಾಯ.

ಪರಿಹಾರವಾಗಿ ಟ್ಯಾಬ್ಲೆಟ್‌ನ ವೈ-ಫೈ ವಿವರಗಳಲ್ಲಿ ಆ ಜಾಲವನ್ನು 'ಮಿತಿಯುಳ್ಳದ್ದು' ಎಂದು ಗುರುತಿಸಬೇಕು. ಆ್ಯಂಡ್ರಾಯ್ಡ್ ಫೋನು ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ವಿಳಾಸ ನೀಡುವಾಗಲೇ ಇದು ಮಿತಿಯುಳ್ಳ ಸಂಪರ್ಕವೆಂಬ ಗುರುತನ್ನು ಕಳುಹಿಸುತ್ತದೆಯಾದರೂ, ಎಲ್ಲ ಬಗೆಯ ಸಾಧನಗಳ ನಡುವೆಯೂ ಈ ತಿಳಿವಳಿಕೆ ಇರುತ್ತದೆಂದು ಹೇಳಲಾಗದು. ಐಪ್ಯಾಡ್‌ನಲ್ಲಿ 2019ರಿಂದ 'ಲೋ ಡೇಟಾ ಮೋಡ್' ಎಂಬ ಆಯ್ಕೆಯೂ, ವಿಂಡೋಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬ ಆಯ್ಕೆಯೂ ಇದೇ ಉದ್ದೇಶದವು.

ಕರ್ನಾಟಕದ ಗ್ರಾಮೀಣ ಬಳಕೆ

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆ 2020ರ ಜುಲೈನಲ್ಲಿ ದೂರದರ್ಶನ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನೂ, ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗುವ 'ವಿದ್ಯಾಗಮ' ಕಾರ್ಯಕ್ರಮವನ್ನೂ ಆರಂಭಿಸಿತು. ಎಲ್ಲ ಮಕ್ಕಳ ಮನೆಯಲ್ಲಿ ಅಂತರಜಾಲ ಇಲ್ಲವೆಂಬುದು ಈ ಎರಡಕ್ಕೂ ಹಿನ್ನೆಲೆ. ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ ಆನ್‌ಲೈನ್ ತರಗತಿಗಳೇ ಗತಿಯಾದವು. ಸರ್ಕಾರಿ ಪ್ರಥಮ ದರ್ಜೆ, ಪಾಲಿಟೆಕ್ನಿಕ್ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಯೋಜನೆಗೆ 2021ರ ಜೂನ್‌ನಲ್ಲಿ ಚಾಲನೆ ದೊರೆಯಿತು. ಅದೇ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಛಾಯಾಚಿತ್ರ ಬಹಳ ಚರ್ಚೆಗೆ ಒಳಗಾಯಿತು. ಸಾಧನ ಕೈಯಲ್ಲಿದ್ದರೂ ಸಂಕೇತ ಮನೆಯವರೆಗೆ ಬಾರದ ಸ್ಥಿತಿಗೆ ಅದು ನಿದರ್ಶನ. ಇಂಥಲ್ಲಿ ಹಾಟ್‌ಸ್ಪಾಟ್ ಕೂಡ ನೆರವಾಗದು, ಏಕೆಂದರೆ ಫೋನಿಗೇ ಇಲ್ಲದ್ದನ್ನು ಅದು ಹಂಚಲಾರದು.

ಮಲೆನಾಡಿನ ಅಂಚಿನಲ್ಲಿದ್ದರೂ ಬಹುಪಾಲು ಬಯಲಾದ ಹಾವೇರಿ ಜಿಲ್ಲೆಯ ಸಮಸ್ಯೆ ಬೇರೆ ಬಗೆಯದು. ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಮತ್ತು ಅದರಂಥ ಊರುಗಳಲ್ಲಿ ಬೀದಿಯಲ್ಲಿ ದೊರೆಯುವ ಸಂಕೇತ, ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳ ನಡುಮನೆಗೆ ಬರುವಷ್ಟರಲ್ಲಿ ಕ್ಷೀಣಿಸುತ್ತದೆ. ತಗಡಿನ ಮಾಡು ಅದನ್ನು ಮತ್ತಷ್ಟು ತಡೆಯುತ್ತದೆ. ಇಲ್ಲಿ ಹಾಟ್‌ಸ್ಪಾಟ್‌ನ ಒಂದು ಗುಣ ಉಪಯೋಗಕ್ಕೆ ಬರುತ್ತದೆ: ಗೋಪುರದ ಸಂಕೇತ ಹಿಡಿಯುವ ಫೋನು ಒಂದು ಕಡೆ, ಓದುವ ಟ್ಯಾಬ್ಲೆಟ್ ಇನ್ನೊಂದು ಕಡೆ ಇರಬಹುದು. ಫೋನನ್ನು ಕಿಟಕಿಯ ಬಳಿ, ಮಾಳಿಗೆಯ ಮೇಲೆ ಅಥವಾ ಕಟ್ಟೆಯ ಕಡೆ ಸಂಕೇತ ಚೆನ್ನಾಗಿರುವಲ್ಲಿ ಇಟ್ಟು, 2.4 ಗಿಗಾಹರ್ಟ್ಸ್ ಆರಿಸಿಕೊಂಡರೆ ಹತ್ತು ಮೀಟರ್ ಒಳಗಿನ ಟ್ಯಾಬ್ಲೆಟ್ ನೆರಳಿನಲ್ಲಿ ಕೆಲಸ ಮಾಡುತ್ತದೆ. ಫೋನೊಂದನ್ನೇ ಕೈಯಲ್ಲಿ ಹಿಡಿದು ಪಾಠ ಕೇಳುವವರಿಗೆ ಈ ಅನುಕೂಲವಿಲ್ಲ. ಮಾಳಿಗೆಯ ಬಿಸಿಲಿಗೆ ಫೋನು ಕಾಯದಂತೆ ನೋಡಿಕೊಳ್ಳಬೇಕು, ಅಷ್ಟೇ.

ವಿದ್ಯುತ್ ಹೋದಾಗಲೂ ಇದಕ್ಕೊಂದು ಮೇಲುಗೈಯಿದೆ. ತಂತಿಯ ಅಂತರಜಾಲವಿರುವ ಮನೆಯಲ್ಲಿ ರೂಟರ್ ಆರಿಹೋಗುತ್ತದೆ. ಫೋನು ತನ್ನ ಬ್ಯಾಟರಿಯಿಂದಲೂ ಗೋಪುರವು ತನ್ನ ಬ್ಯಾಟರಿಯಿಂದಲೂ ಕೆಲವು ಕಾಲ ನಡೆಯುತ್ತವೆ. ಸಿಇಟಿ ಆಯ್ಕೆ ದಾಖಲಿಸಲು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೊನೆಯ ದಿನ ಸಂಜೆ ಕುಳಿತವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಅರ್ಜಿಯನ್ನು ಟ್ಯಾಬ್ಲೆಟ್‌ನ ದೊಡ್ಡ ಪರದೆಯಲ್ಲಿ ತುಂಬುತ್ತಿದ್ದರೂ ಒಟಿಪಿ ಬರುವುದು ಫೋನಿಗೇ ಆದ್ದರಿಂದ, ಫೋನು ಕೈಗೆಟುಕುವಲ್ಲಿರಬೇಕು. ಯುಪಿಐ ತಂತ್ರಾಂಶಗಳು ಬ್ಯಾಂಕಿಗೆ ನೋಂದಾಯಿಸಿದ ಸಿಮ್ ಇರುವ ಸಾಧನದಲ್ಲಿ ಮಾತ್ರ ನೋಂದಣಿಯಾಗುವುದರಿಂದ, ಸಿಮ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಹಾಟ್‌ಸ್ಪಾಟ್ ಇದ್ದರೂ ಅವನ್ನು ಬಳಸಲಾಗದು. ಶುಲ್ಕವನ್ನು ಫೋನಿನಿಂದಲೇ ಕಟ್ಟಬೇಕು.

ಸಾಮಾನ್ಯ ತೊಡಕುಗಳು

'ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ' ಎಂಬ ಸಂದೇಶ ಬಂದರೆ ಟ್ಯಾಬ್ಲೆಟ್ ಫೋನನ್ನು ತಲುಪಿದೆ, ಫೋನು ಹೊರಜಾಲವನ್ನು ತಲುಪಿಲ್ಲ ಎಂದರ್ಥ. ಮೊಬೈಲ್ ಡೇಟಾ ಚಾಲನೆಯಲ್ಲಿದೆಯೇ, ದಿನದ ಪಾಲು ಮುಗಿದಿದೆಯೇ ಎಂದು ಮೊದಲು ನೋಡಬೇಕು. ಫೋನಿನಲ್ಲಿ ಅಂತರಜಾಲ ಸರಿಯಾಗಿ ನಡೆಯುತ್ತಿದ್ದೂ ಟ್ಯಾಬ್ಲೆಟ್‌ನಲ್ಲಿ ಮಾತ್ರ ಬಾರದಿದ್ದರೆ ಕೆಲವು ಫೋನುಗಳಲ್ಲಿ ಎಪಿಎನ್ ಸಿದ್ಧತೆ ಕಾರಣವಾಗಿರುತ್ತದೆ. ಎಪಿಎನ್ ಪ್ರಕಾರ ಎಂಬ ಖಾನೆಯಲ್ಲಿ ಅಲ್ಪವಿರಾಮ ಹಾಕಿ ಡಿ, ಯು, ಎನ್ ಎಂಬ ಮೂರು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದರೆ ಹಂಚಿಕೆಗೆ ದಾರಿಯಾಗುವುದುಂಟು.

ಕರೆ ಬಂದೊಡನೆ ಪಾಠ ನಿಲ್ಲುವುದು ಇನ್ನೊಂದು ಸಾಮಾನ್ಯ ದೂರು. ವೋಲ್ಟಿ ಸೌಲಭ್ಯವಿರುವ ಫೋನಿನಲ್ಲಿ ಕರೆಯೂ ದತ್ತಾಂಶವೂ 4ಜಿ ಮೇಲೆಯೇ ಸಾಗುವುದರಿಂದ ಸಂಪರ್ಕ ಉಳಿಯುತ್ತದೆ. ಅದಿಲ್ಲದಲ್ಲಿ ಫೋನು ಹಳೆಯ ಜಾಲಕ್ಕೆ ಇಳಿದು ದತ್ತಾಂಶ ಕುಂಟುತ್ತದೆ ಅಥವಾ ನಿಲ್ಲುತ್ತದೆ. ಎರಡು ಸಿಮ್‌ಗಳ ಫೋನುಗಳಲ್ಲಿ ಎರಡನೆಯ ಸಿಮ್‌ಗೆ ಕರೆ ಬಂದಾಗ ಮೊದಲನೆಯದರ ದತ್ತಾಂಶ ತಾತ್ಕಾಲಿಕವಾಗಿ ನಿಲ್ಲುವುದು ಅನೇಕ ಮಾದರಿಗಳಲ್ಲಿ ಕಂಡುಬರುತ್ತದೆ. ಯಾವ ಸಾಧನವೂ ಸೇರಿಲ್ಲದಿದ್ದಾಗ ಹಾಟ್‌ಸ್ಪಾಟ್ ತಾನಾಗಿ ಆರುವ ಆಯ್ಕೆಯೂ ಇದೆ. ಟ್ಯಾಬ್ಲೆಟ್‌ನ ಪರದೆ ಆರಿ ಅದರ ವೈ-ಫೈ ನಿದ್ರಿಸಿದರೆ ಫೋನು ಕೂಡ ಹಂಚಿಕೆ ನಿಲ್ಲಿಸಿಬಿಡುತ್ತದೆ.

ಬಹಳ ದಿನ ಚಾರ್ಜ್ ಇಲ್ಲದೆ ಬಿದ್ದಿದ್ದ ಟ್ಯಾಬ್ಲೆಟ್‌ನಲ್ಲಿ ದಿನಾಂಕ ತಪ್ಪಿರುವುದುಂಟು. ಆಗ ಸಂಪರ್ಕ ಸರಿಯಿದ್ದರೂ ಭದ್ರತಾ ಪ್ರಮಾಣಪತ್ರಗಳು ತಾಳೆಯಾಗದೆ ಪುಟಗಳು ತೆರೆಯುವುದಿಲ್ಲ. ದಿನಾಂಕ ಸರಿಪಡಿಸಿದರೆ ಸಾಕು. ತೀರ ಹಳೆಯ ಆ್ಯಂಡ್ರಾಯ್ಡ್ ಆವೃತ್ತಿಯಾದರೆ ಹೊಸ ಪ್ರಮಾಣಪತ್ರಗಳ ಪರಿಚಯವೇ ಅದಕ್ಕಿರುವುದಿಲ್ಲ. ಅದಕ್ಕೆ ಹಾಟ್‌ಸ್ಪಾಟ್ ಕಡೆಯಿಂದ ಮಾಡಬಹುದಾದ್ದು ಏನೂ ಇಲ್ಲ.

ಎರಡು ಕಡೆ ರೇಡಿಯೊ ನಡೆಸುವ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಚಾರ್ಜ್‌ಗೆ ಹಾಕಿಯೇ ಗಂಟೆಗಟ್ಟಲೆ ಹಂಚಿದರೆ ಅದು ಬಿಸಿಯಾಗಿ, ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ದಪ್ಪ ಕವಚವನ್ನು ತೆಗೆದಿಡುವುದು, ಹಾಸಿಗೆ ದಿಂಬಿನ ಮೇಲಲ್ಲದೆ ಗಟ್ಟಿ ನೆಲದ ಮೇಲಿಡುವುದು ಉಪಯುಕ್ತ.

ಭದ್ರತೆ ಮತ್ತು ಹೊಣೆ

ಗುಪ್ತಪದವಿಲ್ಲದ ಹಾಟ್‌ಸ್ಪಾಟ್‌ಗೆ ಸಮೀಪದ ಯಾರು ಬೇಕಾದರೂ ಸೇರಬಹುದು. ಡಬ್ಲ್ಯೂಪಿಎ2 2004ರಲ್ಲಿಯೂ ಡಬ್ಲ್ಯೂಪಿಎ3 2018ರಲ್ಲಿಯೂ ಬಂದ ಭದ್ರತಾ ಕ್ರಮಗಳು. ಹಳೆಯ ಟ್ಯಾಬ್ಲೆಟ್‌ಗೆ ಎರಡನೆಯದು ತಿಳಿಯದಿದ್ದರೆ ಮೊದಲನೆಯದನ್ನೇ ಆರಿಸಬೇಕಾಗುತ್ತದೆ, ಭದ್ರತೆಯನ್ನೇ ತೆಗೆದುಹಾಕಬಾರದು. ಮೊಬೈಲ್ ಸಂಖ್ಯೆಯನ್ನೇ ಗುಪ್ತಪದವಾಗಿಡುವ ರೂಢಿ ವ್ಯಾಪಕವಾಗಿದೆ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಖ್ಯೆ ಗುಪ್ತವಾಗುವುದು ಹೇಗೆ ಎಂಬುದನ್ನು ಬಳಕೆದಾರರೇ ಯೋಚಿಸಬೇಕು. ಸೇರಿದ ಸಾಧನಗಳು ಏನು ಮಾಡಿದರೂ ಅದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಳಕೆಯೆಂದೇ ದಾಖಲಾಗುವುದರಿಂದ, ಬಸ್ಸಿನಲ್ಲಿ, ನಿಲ್ದಾಣದಲ್ಲಿ ಅಪರಿಚಿತರು ಕೇಳಿದಾಗ ಕೊಟ್ಟ ಗುಪ್ತಪದವನ್ನು ಬಳಿಕ ಬದಲಿಸುವುದು ಕ್ಷೇಮ. ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ಎಷ್ಟು ಸಾಧನಗಳು ಸೇರಿವೆ ಎಂಬುದು ಕಾಣುತ್ತದೆ. ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಈ ಸಂಖ್ಯೆಯನ್ನು ಸೀಮಿತಗೊಳಿಸಬಹುದು.

ಹಂಚಿಕೆಯ ಹಕ್ಕು

ತಾನು ಹಣ ಕೊಟ್ಟು ಪಡೆದ ದತ್ತಾಂಶವನ್ನು ಗ್ರಾಹಕನು ಇನ್ನೊಂದು ಸಾಧನಕ್ಕೆ ಹಂಚಬಹುದೇ ಎಂಬುದು ಹಲವು ದೇಶಗಳಲ್ಲಿ ವಿವಾದವಾಗಿತ್ತು. ಅಮೆರಿಕದಲ್ಲಿ ಟೆಥರಿಂಗ್‌ಗೆ ಪ್ರತ್ಯೇಕ ಶುಲ್ಕ ವಿಧಿಸುತ್ತಿದ್ದ ಕಾಲದಲ್ಲಿ, ಉಚಿತ ಟೆಥರಿಂಗ್ ತಂತ್ರಾಂಶಗಳನ್ನು ತಡೆದ ಪ್ರಕರಣವೊಂದನ್ನು ಇತ್ಯರ್ಥಪಡಿಸಲು ವೆರೈಜನ್ ಸಂಸ್ಥೆ 2012ರ ಜುಲೈನಲ್ಲಿ 12.5 ಲಕ್ಷ ಡಾಲರ್ ಪಾವತಿಸಲು ಒಪ್ಪಿತು. 2014ರಲ್ಲಿ ನ್ಯಾಶ್‌ವಿಲ್‌ನ ಹೋಟೆಲೊಂದರ ಸಭಾಂಗಣದಲ್ಲಿ ಅತಿಥಿಗಳ ಸ್ವಂತ ಹಾಟ್‌ಸ್ಪಾಟ್‌ಗಳಿಗೆ ಅಡ್ಡಿ ಮಾಡಿದ್ದಕ್ಕಾಗಿ ಮ್ಯಾರಿಯಟ್ ಸಂಸ್ಥೆ 6 ಲಕ್ಷ ಡಾಲರ್ ತೆತ್ತಿತು. ಹಂಚಿಕೆಯನ್ನು ಕಂಪನಿಗಳು ಪತ್ತೆಹಚ್ಚುವ ಒಂದು ವಿಧಾನ ಸರಳವಾದದ್ದು: ಪ್ರತಿ ದತ್ತಾಂಶ ಪೊಟ್ಟಣದಲ್ಲಿಯೂ ಅದು ಇನ್ನೆಷ್ಟು ಕೊಂಡಿಗಳನ್ನು ದಾಟಬಹುದೆಂಬ ಸಂಖ್ಯೆಯಿರುತ್ತದೆ, ಟ್ಯಾಬ್ಲೆಟ್‌ನಿಂದ ಹೊರಟದ್ದು ಫೋನನ್ನು ದಾಟುವಾಗ ಆ ಸಂಖ್ಯೆ ಒಂದು ಕಡಿಮೆಯಾಗಿರುತ್ತದೆ.

ಭಾರತದಲ್ಲಿ ದಿನದ ಮಿತಿಯುಳ್ಳ ಸಾಮಾನ್ಯ ಯೋಜನೆಗಳಲ್ಲಿ ಹಾಟ್‌ಸ್ಪಾಟ್‌ಗೆ ಪ್ರತ್ಯೇಕ ಶುಲ್ಕ ಕೊಡಬೇಕಾದ ರೂಢಿಯಿಲ್ಲ. ಮಿತಿಯಿಲ್ಲವೆಂದು ಘೋಷಿಸಿದ ಯೋಜನೆಗಳಲ್ಲಿ ಮಾತ್ರ ವೈಯಕ್ತಿಕ, ವಾಣಿಜ್ಯೇತರ ಬಳಕೆ ಎಂಬ ನಿಬಂಧನೆಯನ್ನು ಓದಿಕೊಳ್ಳಬೇಕು. ಅಂಗಡಿಯಲ್ಲಿ ವೈ-ಫೈ ಮಾರಲು ಬಯಸುವವರಿಗೆ ಬೇರೆಯೇ ಮಾರ್ಗವಿದೆ. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಕಿರಾಣಿ ಅಂಗಡಿಯೂ ಚಹಾ ಹೋಟೆಲೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ದತ್ತಾಂಶ ಕೇಂದ್ರವಾಗಿ ವೈ-ಫೈ ನೀಡಬಹುದು.